ಕಪ್ಪೆಯ ಗಂಟಲಿನಿಂದಲೇ ಆರಂಭಿಸಿ

ಆತ್ಮೀಯರೇ,

ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯುವಾದ ವಪೆಯನ್ನು (ಡಯಾಫ್ರಾಮ್) ಕುರಿತ ನಿಮ್ಮ ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ತಿದ್ದಿ ಬರೆದರೆ ಖಂಡಿತ ಪ್ರಕಟಿಸಬಹುದೆಂಬ ನಂಬಿಕೆಯಿಂದಲೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

‘ಉಸಿರೆಳೆದಾಗ ವಪೆ ಮೇಲೇರಿ ಶ್ವಾಸಕೋಶಕ್ಕೆ ಗಾಳಿ ತುಂಬುತ್ತದೆ’ ಎಂದಿದ್ದೀರಿ. ಆಗುವುದು ಇದಕ್ಕೆ ವಿರುದ್ಧ. ಗುಮ್ಮಟದಂತೆ ಉಬ್ಬಿರುವ ಆ ಸ್ನಾಯು ಸಂಕುಚಿಸಿ, ಚಪ್ಪಟೆಯಾಗುತ್ತ ಕೆಳಗಿಳಿದಾಗ ಎದೆಗೂಡು ಹಿಗ್ಗಿ, ಒಳಗಿನ ಒತ್ತಡ ತಗ್ಗಿ, ಹೊರಗಿನ ಗಾಳಿ ಒಳನುಗ್ಗುತ್ತದೆ. ತನ್ನನ್ನು ತಾನೇ ಹಿಗ್ಗಿಸಿಕೊಳ್ಳುವ ಸ್ನಾಯು ಶ್ವಾಸಕೋಶಕ್ಕಿಲ್ಲವೆಂಬ ಮಾತನ್ನೂ ಸೇರಿಸಿದರೆ, ವಪೆ ಏಕೆ ಬೇಕೆಂಬುದು ಓದುಗರಿಗೆ ತಾನಾಗಿ ತಿಳಿಯುತ್ತದೆ.

ಅದು ಒಂದು ಸಾಲಿನ ತಿದ್ದುಪಡಿ. ನನ್ನನ್ನು ಹೆಚ್ಚು ಕಾಡಿದ್ದು ಲೇಖನದ ದೃಷ್ಟಿ. ಸ್ನಾಯುವಿನ ವಪೆ ಸ್ತನಿಗಳಲ್ಲಿ ಮಾತ್ರ ಇದೆಯೆಂದು ಸರಿಯಾಗಿ ಹೇಳಿದ ನೀವು, ಮರುಕ್ಷಣವೇ ಹಕ್ಕಿ, ಮೊಸಳೆ, ಕಪ್ಪೆಗಳನ್ನು ‘ಅಪೂರ್ಣ ಉಸಿರಾಟದ ಜೀವಿಗಳು’ ಎಂದು ಬದಿಗಿಟ್ಟಿದ್ದೀರಿ. ಹಕ್ಕಿಯ ಶ್ವಾಸಕೋಶ ನಮ್ಮದರಂತೆ ಹಿಗ್ಗಿ ಕುಗ್ಗುವುದಿಲ್ಲ. ಎದೆಮೂಳೆಯ ಏರಿಳಿತಕ್ಕೆ ತಕ್ಕಂತೆ ತಿದಿಗಳ ಹಾಗೆ ದುಡಿಯುವ, ಸಾಮಾನ್ಯವಾಗಿ 9 ಗಾಳಿಚೀಲಗಳು ಅದರ ಮೂಲಕ ಗಾಳಿಯನ್ನು ಒಂದೇ ದಿಕ್ಕಿಗೆ ಹರಿಸುತ್ತವೆ, ಮತ್ತು ಒಮ್ಮೆ ಒಳಹೊಕ್ಕ ಗಾಳಿ ಆ ದಾರಿಯನ್ನು ಪೂರೈಸಿ ಹೊರಬರಲು 2 ಉಸಿರಾಟಗಳು ಬೇಕಾಗುತ್ತವೆ. ಹಿಮಾಲಯವನ್ನು ದಾಟಿ ಹಾರುವ ಪಟ್ಟೆತಲೆ ಹೆಬ್ಬಾತಿನ ಉಸಿರಾಟವನ್ನು ಅಪೂರ್ಣವೆಂದು ಕರೆಯಲು ನನಗಂತೂ ಮನಸ್ಸು ಬಾರದು. ಮೊಸಳೆಯಲ್ಲಿ ಒಂದು ಸ್ನಾಯು ಯಕೃತ್ತನ್ನೇ ಪಿಸ್ಟನ್ನಿನಂತೆ ಹಿಂದಕ್ಕೆಳೆದು ಶ್ವಾಸಕೋಶಕ್ಕೆ ಜಾಗ ಮಾಡಿಕೊಡುತ್ತದೆ. ಪಕ್ಕೆಲುಬುಗಳು ಚಿಪ್ಪಿಗೆ ಬೆಸೆದುಕೊಂಡಿರುವ ಆಮೆ ಹೊಟ್ಟೆಯ ಸ್ನಾಯುಗಳನ್ನು ನೆಚ್ಚಿಕೊಂಡಿದೆ. ‘ಇಲ್ಲ’ ಎಂದು ನೀವು ಬರೆದ ಕಡೆಯಲ್ಲೆಲ್ಲ ‘ಹಾಗಾದರೆ ಹೇಗೆ?’ ಎಂದು ಕೇಳಿಕೊಂಡಿದ್ದರೆ ಇವೆಲ್ಲ ಲೇಖನದೊಳಗೆ ಬರುತ್ತಿದ್ದವು.

ಬಿಕ್ಕಳಿಕೆಯ ಮನೆಮದ್ದುಗಳ ಭಾಗವನ್ನು ಕೈಬಿಡಿ.

ಕೊಳದ ಬಳಿ ಕುಳಿತು, ಅಲುಗಾಡದ ಕಪ್ಪೆಯ ಗಂಟಲು ಮಾತ್ರ ಬಿಡದೆ ಮಿಡಿಯುವುದನ್ನು ನೋಡಿದ ನಾಲ್ಕು ಸಾಲುಗಳು ಕೊನೆಯ ಪುಟದಲ್ಲಿ ಅಡಗಿವೆ. ಇಡೀ ಬರಹದಲ್ಲಿ ನೀವು ಕಣ್ಣಾರೆ ಕಂಡು ಬರೆದದ್ದು ಅದೊಂದೇ. ಲೇಖನ ಅಲ್ಲಿಂದಲೇ ಆರಂಭವಾಗಲಿ. ಆ ಮಿಡಿತದ ಬಹುಪಾಲು ಬಾಯೊಳಗಿನ ಗಾಳಿಯನ್ನಷ್ಟೇ ಬದಲಿಸುತ್ತದೆಯೆಂದೂ, ನಡುನಡುವೆ ಮಾತ್ರ ಕಪ್ಪೆ ಮೂಗಿನ ಹೊಳ್ಳೆಗಳನ್ನು ಮುಚ್ಚಿ, ಬಾಯಿಯ ತಳವನ್ನು ಮೇಲೆತ್ತಿ, ಗಾಳಿಯನ್ನು ಶ್ವಾಸಕೋಶಕ್ಕೆ ತಳ್ಳುತ್ತದೆಯೆಂದೂ ಸೇರಿಸಿ. ನಾವು ಗಾಳಿಯನ್ನು ಎಳೆದುಕೊಳ್ಳುತ್ತೇವೆ, ಅದು ನೂಕಿಕೊಳ್ಳುತ್ತದೆ. ಈ ಭೇದವನ್ನು ಹಿಡಿದು ಹೊರಟರೆ ವಪೆಯ ವಿವರಣೆಗೂ ಸರಿಯಾದ ಜಾಗ ಸಿಗುತ್ತದೆ.

ತಿದ್ದಿದ ಪ್ರತಿಯನ್ನು ನನಗೇ ಕಳುಹಿಸಿ.

ಸಂಪಾದಕ