ಯುವ ಫುಟ್‌ಬಾಲ್ ಅಭಿಮಾನಿಗಳು ಪೂರ್ತಿ ಮ್ಯಾಚ್ ನೋಡೋದನ್ನೇ ಬಿಟ್ಟಿದ್ದಾರಾ?

ಬಿಟ್ಟಿಲ್ಲ, ನೋಡುವ ರೀತಿ ಬದಲಾಗಿದೆ. ಟಿವಿಯಲ್ಲಿ ಮ್ಯಾಚ್ ಓಡುತ್ತಿದ್ದರೂ ಕೈಯಲ್ಲಿ ಫೋನ್ ಇರುತ್ತದೆ. ಗೋಲ್ ಆಗಿ ರೀಪ್ಲೇ ಮುಗಿಯುವಷ್ಟರಲ್ಲಿ ವಾಟ್ಸಾಪ್ ಗ್ರೂಪಿಗೆ ಅದರ ಮೀಮ್ ಬಂದಿರುತ್ತದೆ. ಮ್ಯಾಚ್ ತಪ್ಪಿದರೆ ಯೂಟ್ಯೂಬ್ ಹೈಲೈಟ್ಸ್ ಇದ್ದೇ ಇದೆ.

ಯಾರ ಮಾತು ಕೇಳುತ್ತಾ ನೋಡುತ್ತಾರೆ ಅನ್ನೋದೇ ದೊಡ್ಡ ಬದಲಾವಣೆ ಅಂತ ನನಗನ್ನಿಸುತ್ತದೆ. ಬ್ರೆಜಿಲ್‌ನಲ್ಲಿ ಕಸಿಮಿರೊ ಎಂಬ ಸ್ಟ್ರೀಮರ್ (ಆನ್‌ಲೈನ್‌ನಲ್ಲಿ ಲೈವ್ ಕಾರ್ಯಕ್ರಮ ನಡೆಸುವವರು) 2022ರ ವಿಶ್ವಕಪ್‌ನ ಹಲವು ಪಂದ್ಯಗಳನ್ನು ಯೂಟ್ಯೂಬ್‌ನಲ್ಲಿ ಉಚಿತವಾಗಿ ತೋರಿಸಿದರು. ಗೆಳೆಯ ಪಕ್ಕದಲ್ಲೇ ಕೂತು ಮಾತಾಡಿದ ಹಾಗಿತ್ತು. ಲಕ್ಷಾಂತರ ಜನ ಒಟ್ಟಿಗೆ ನೋಡಿದರು. ಸ್ಪೇನ್‌ನಲ್ಲಿ ಮಾಜಿ ಫುಟ್‌ಬಾಲ್ ಆಟಗಾರ ಜೆರಾರ್ಡ್ ಪಿಕೆ 2023ರಲ್ಲಿ ಶುರು ಮಾಡಿದ ಕಿಂಗ್ಸ್ ಲೀಗ್ ಅಂತೂ ಆನ್‌ಲೈನ್ ನೋಡುಗರಿಗೆಂದೇ ಹುಟ್ಟಿದ್ದು: ತಂಡಕ್ಕೆ 7 ಜನ, 40 ನಿಮಿಷದ ಆಟ.

ಕ್ಲಬ್‌ಗಿಂತ ಆಟಗಾರನ ಹಿಂದೆ ಹೋಗುವವರೂ ಜಾಸ್ತಿ. 2023ರಲ್ಲಿ ಮೆಸ್ಸಿ ಬಂದಾಗ ಅಮೆರಿಕದ ಇಂಟರ್ ಮಯಾಮಿ ಕ್ಲಬ್‌ನ ಇನ್‌ಸ್ಟಾಗ್ರಾಮ್ ಫಾಲೋವರ್ಸ್ ಕೆಲವೇ ದಿನಗಳಲ್ಲಿ ಹಲವು ಪಟ್ಟು ಏರಿದರು.