ಮಗಳು ದಿನಾ ಅಳುತ್ತಾಳೆ, ಕರೆಸಿಕೊಳ್ಳಲೇ?

ಪ್ರಶ್ನೆ: ನಮ್ಮದು ಮಂಡ್ಯ. ಒಬ್ಬಳೇ ಮಗಳು, ಅಕ್ಟೋಬರ್‌ನಲ್ಲಿ ಎಂ.ಎಸ್. ಓದಲು ಜರ್ಮನಿಗೆ ಹೋದಳು. ಎರಡು ತಿಂಗಳಿಂದ ರಾತ್ರಿ ಹತ್ತಕ್ಕೆ ಫೋನ್ ಮಾಡಿ ಅಳುತ್ತಾಳೆ. ಯಾರೂ ಮಾತಾಡಿಸಲ್ಲವಂತೆ, ಊಟ ಸೇರಲ್ಲವಂತೆ. ಮೊನ್ನೆ ರಾತ್ರಿ ಮಿಕ್ಸಿ ಹಾಕಿದ್ದಕ್ಕೆ ಪಕ್ಕದವರು ಬಾಗಿಲು ಬಡಿದು ಬೈದರಂತೆ. "ಬಂದುಬಿಡ್ತೀನಮ್ಮ" ಅಂತಾಳೆ. ಸೈಟ್ ಅಡವಿಟ್ಟು ಸಾಲ ಮಾಡಿದ್ದೇವೆ. "ಇಷ್ಟು ದುಡ್ಡು ಸುರಿದಿದ್ದೀವಿ, ಗಟ್ಟಿಯಾಗಲಿ" ಎನ್ನುತ್ತಾರೆ ಯಜಮಾನರು. ನನಗೆ ನಿದ್ದೆಯಿಲ್ಲ. ಕರೆಸಿಕೊಳ್ಳಲೇ?

ಉತ್ತರ: ಅಮ್ಮಾ, ಈಗಲೇ ಕರೆಸಬೇಡಿ. ಆದರೆ 'ಬರಬೇಡ' ಅಂತಲೂ ಹೇಳಬೇಡಿ.

ಮೊದಲು ಅವಳು ಫೋನ್ ಮಾಡುವ ಹೊತ್ತನ್ನು ಗಮನಿಸಿ. ನಿಮಗೆ ರಾತ್ರಿ ಹತ್ತಾದಾಗ ಅಲ್ಲಿ ಸಂಜೆ ಐದೂವರೆ. ಡಿಸೆಂಬರ್‌ನಲ್ಲಿ ಅಲ್ಲಿ ನಾಲ್ಕು, ನಾಲ್ಕೂವರೆಗೇ ಹೊತ್ತು ಮುಳುಗುತ್ತದೆ. ಕ್ಲಾಸ್ ಮುಗಿಸಿ, ಚಳಿಯಲ್ಲಿ ನಡೆದು ಬಂದು, ಖಾಲಿ ರೂಮಿನ ಬೀಗ ತೆಗೆಯುತ್ತಾಳೆ. ತಕ್ಷಣ ನಿಮ್ಮ ನೆನಪಾಗುತ್ತದೆ. ದಿನದ ತೀರಾ ಕಷ್ಟದ ಗಳಿಗೆಯಲ್ಲಿ ಮಾತ್ರ ನೀವು ಅವಳ ದನಿ ಕೇಳುತ್ತಿದ್ದೀರಿ. ಮಧ್ಯಾಹ್ನ ಹನ್ನೆರಡೂವರೆಗೆ ನೀವೇ ಒಮ್ಮೆ ಫೋನ್ ಮಾಡಿ ನೋಡಿ. ಅಲ್ಲಿ ಬೆಳಿಗ್ಗೆ ಎಂಟು, ಹೊರಡುವ ಗಡಿಬಿಡಿ ಇರುತ್ತದೆ. ಹತ್ತು ನಿಮಿಷ ಸಾಕು. ರಾತ್ರಿಯ ಫೋನ್ ನಿಲ್ಲಿಸಬೇಡಿ, ಅಳಬೇಕೆನಿಸಿದರೆ ಅಳಲಿ. ವಾಪಸು ಬರುವ ಮಾತನ್ನು ಮಾತ್ರ ಆ ಹೊತ್ತಿನಲ್ಲಿ ತೀರ್ಮಾನ ಮಾಡಬೇಡಿ.

ಮಿಕ್ಸಿ ವಿಷಯ. ಅಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಸದ್ದು ಮಾಡಬಾರದೆಂಬ ಕಟ್ಟುನಿಟ್ಟಿದೆ. ಭಾನುವಾರ ಇಡೀ ದಿನ ಹಾಗೆಯೇ. ಅಲ್ಲಿಯವರಿಗೂ ಅದೇ ನಿಯಮ. ಅದು ಗೊತ್ತಾದರೆ ಅರ್ಧ ಅವಮಾನ ಇಳಿಯುತ್ತದೆ. ಹಾಗಂತ ಅವಳಿಗೆ ನೋವಾಗಿದ್ದು ಸುಳ್ಳಲ್ಲ. "ಅದೇನು ದೊಡ್ಡ ವಿಷಯ" ಅಂತ ತಳ್ಳಿಹಾಕಬೇಡಿ.

ಭಾನುವಾರ ಅಲ್ಲಿ ಅಂಗಡಿಗಳೂ ಮುಚ್ಚಿರುತ್ತವೆ. ನೆಂಟರಿಷ್ಟರ ನಡುವೆ ಬೆಳೆದ ಹುಡುಗಿಗೆ ಆ ದಿನ ತುಂಬಾ ಉದ್ದ. ಶನಿವಾರವೇ ಸಾಮಾನು ತಂದಿಟ್ಟುಕೊಂಡು, ಭಾನುವಾರ ಕ್ಲಾಸಿನ ಒಬ್ಬರನ್ನಾದರೂ ಊಟಕ್ಕೆ ಕರೆಯಲು ಹೇಳಿ. ಬಸ್ಸಾರು ಮಾಡುವುದನ್ನು ವಿಡಿಯೊ ಕಾಲ್‌ನಲ್ಲಿ ನೀವೇ ಹೇಳಿಕೊಡಿ. ದೊಡ್ಡ ಊರುಗಳ ಭಾರತೀಯ ಅಂಗಡಿಗಳಲ್ಲಿ ರಾಗಿ ಹಿಟ್ಟು ಸಿಗುತ್ತದೆ. ಪಾರ್ಸೆಲ್‌ನಲ್ಲಿ ತುಪ್ಪ, ಪೇಡ ಹಾಕಬೇಡಿ, ಹಾಲಿನ ಪದಾರ್ಥ ಅಲ್ಲಿ ಒಳಗೆ ಬಿಡುವುದಿಲ್ಲ. ಕನ್ನಡ ಸಂಘಗಳೂ ಇವೆ. ತನ್ನ ಊರಿಗೆ ಹತ್ತಿರದ್ದು ಯಾವುದೆಂದು ಅವಳೇ ವಿಚಾರಿಸಲಿ.

ಇನ್ನು ಯಜಮಾನರಿಗೆ ಒಂದು ಮಾತು. ದಯವಿಟ್ಟು ಸಾಲದ ಸುದ್ದಿಯನ್ನು ಅವಳ ಮುಂದೆ ಎತ್ತಬೇಡಿ. ಮೊದಲೇ ಕುಗ್ಗಿರುವ ಹುಡುಗಿ ಆಮೇಲೆ ನಿಮ್ಮಿಂದಲೇ ಕಷ್ಟ ಮುಚ್ಚಿಡುತ್ತಾಳೆ. ವೀಸಾಕ್ಕೆಂದು ಬ್ಲಾಕ್ಡ್ ಅಕೌಂಟ್‌ನಲ್ಲಿ ಹಣ ಇಟ್ಟಿದ್ದರೆ ಅದು ತಿಂಗಳು ತಿಂಗಳು ಅವಳ ಖರ್ಚಿಗೆ ಬರುತ್ತದೆ. ಓದು ಬಿಟ್ಟು ಬಂದರೂ ಉಳಿದದ್ದನ್ನು ಕಾಗದ ಪತ್ರ ಕೊಟ್ಟು ವಾಪಸು ಪಡೆಯಬಹುದು. ಎಲ್ಲಾ ಮುಳುಗಿಹೋಗುತ್ತದೆ ಎಂಬ ಭಯ ಬೇಡ.

ಫೆಬ್ರವರಿಯಲ್ಲಿ ಈ ಸೆಮಿಸ್ಟರಿನ ಪಾಠ ಮುಗಿಯುತ್ತದೆ. ಅಷ್ಟರಲ್ಲಿ ಹಗಲೂ ಬೆಳೆಯುತ್ತದೆ. "ಅಲ್ಲಿಯವರೆಗೆ ನೋಡು. ಆಗಲೂ ಆಗಲ್ಲ ಅನಿಸಿದರೆ ಬಾ, ಯಾರೂ ಏನೂ ಅನ್ನಲ್ಲ" ಅಂತ ಇಬ್ಬರೂ ಸೇರಿ ಹೇಳಿ. ಬರುವ ದಾರಿ ತೆರೆದಿದೆ ಅಂತ ಗೊತ್ತಿದ್ದರೆ ಉಸಿರಾಡಲು ಆಗುತ್ತದೆ ಅಲ್ವಾ. ಬಂದರೆ ನೆಂಟರು ಏನಂತಾರೋ ಎಂಬುದನ್ನು ಲೆಕ್ಕಕ್ಕೇ ಇಡಬೇಡಿ.

ಆದರೆ ಊಟ ಬಿಟ್ಟಿದ್ದಾಳಾ? ಕ್ಲಾಸಿಗೆ ಹೋಗುತ್ತಿಲ್ಲವಾ? ದಿನವಿಡೀ ಹಾಸಿಗೆಯಲ್ಲೇ ಇರುತ್ತಾಳಾ? ನೇರವಾಗಿ ಕೇಳಿ. ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳಿಗೆ ಮನಸ್ಸಿನ ಕಷ್ಟ ಕೇಳುವ ಸಲಹಾ ಕೇಂದ್ರಗಳಿರುತ್ತವೆ, ಅಪಾಯಿಂಟ್‌ಮೆಂಟ್ ತಗೊಳ್ಳಲಿ. ಬದುಕೇ ಬೇಡ ಎನ್ನುವ ಮಾತು ಬಂದರೆ ಫೆಬ್ರವರಿಯ ಮಾತೇ ಬೇಡ. ಅಲ್ಲಿನ ತುರ್ತು ನಂಬರ್ 112ಕ್ಕೆ ಕರೆ ಮಾಡಿಸಿ, ಜೊತೆಗೆ ಒಬ್ಬರು ಇರುವಂತೆ ನೋಡಿಕೊಳ್ಳಿ. ಆಮೇಲೆ ಅವಳನ್ನು ಕರೆತರಲು ಏನು ಬೇಕೋ ಅದನ್ನು ಅವತ್ತೇ ಶುರು ಮಾಡಿ.