ಆರು ಹೆಸರಿನ ಪಟ್ಟಿಯಲ್ಲಿ ಐದನೇದು ನನ್ನದು

ಪ್ರಶ್ನೆ: ನಾನು ಗಂಗಾವತಿ ತಾಲ್ಲೂಕಿನವಳು. ತವರು, ಗಂಡನ ಮನೆ ಎರಡೂ ಒಂದೇ ಊರು, ಒಂದೇ ವಾರ್ಡು. ಪಂಚಾಯಿತಿ ಉಪಚುನಾವಣೆಯಲ್ಲಿ ಅಣ್ಣ 11 ಓಟಿನಿಂದ ಸೋತ. ಐದು ತಿಂಗಳಾಯ್ತು, ಇನ್ನೂ ಒಪ್ಪಿಲ್ಲ. "ಎಣಿಕ್ಯಾಗ ಮೋಸ ಆಗೇತಿ, ಖರೇ ಮೆಂಬರ್ ನಾನೇ" ಅಂತಾನೆ. ಗೆದ್ದವರ ಹತ್ತಿರ ಯಾರೂ ಹೋಗಬಾರದು, ಚರಂಡಿ ಕೆಲಸದ ಅರ್ಜಿಗೂ ಸಹಿ ಹಾಕಬಾರದು ಅಂತ ಓಣಿಗೆಲ್ಲ ತಾಕೀತು ಮಾಡಿದ್ದಾನೆ. ಆರು ಜನ ಈ ಕಡೆ ಬಂದಿದ್ದರೆ ಗೆಲ್ತಿದ್ದೆ ಅಂತ ನೋಟ್‌ಬುಕ್ಕಿನಲ್ಲಿ ಆರು ಹೆಸರು ಬರೆದಿಟ್ಟಿದ್ದಾನೆ. ಐದನೇದು ನನ್ನದು. ನಿಜ ಹೇಳ್ತೀನಿ, ನಾನು ಆ ಕಡೆಗೇ ಹಾಕಿದ್ದೆ. ಅತ್ತೆಗೆ ಮಧ್ಯರಾತ್ರಿ ಎದೆನೋವು ಬಂದಾಗ ಗಾಡಿ ತಂದವರು ಅವರು. ಅಣ್ಣನಿಗೆ ಹೇಳಿಬಿಡಲಾ? ಪಂಚಮಿ ಹತ್ತಿರ ಬಂತು. ಈ ಸಲ ಅವನು ಕರೆಯೋಕೆ ಬರೋ ಹಾಗೆ ಕಾಣೋದಿಲ್ಲ.

ಉತ್ತರ: ಹೇಳಬೇಡಿ ತಂಗಿ. ಸುಳ್ಳೂ ಹೇಳಬೇಡಿ. ಕೇಳಿದರೆ "ಓಟಿನ ಮಾತು ನಾನು ಹೇಳೋದಿಲ್ಲ ಅಣ್ಣಾ" ಅನ್ನಿ, ಸಾಕು. ವಿಧಾನಸಭೆ, ಲೋಕಸಭೆಗೆ ಇರುವ 1951ರ ಪ್ರಜಾ ಪ್ರಾತಿನಿಧ್ಯ ಕಾಯ್ದೆಯಲ್ಲಿ, ಕೋರ್ಟಿಗೆ ಸಾಕ್ಷಿ ಹೇಳೋಕೆ ಬಂದವರನ್ನೂ ಯಾರಿಗೆ ಹಾಕಿದೆ ಅಂತ ಬಾಯಿ ಬಿಡಿಸುವ ಹಾಗಿಲ್ಲ. ನಿಮ್ಮ ಅಣ್ಣ ಜಡ್ಜಿಗಿಂತ ದೊಡ್ಡವನೇನಲ್ಲವಲ್ಲ! ಇನ್ನೊಂದು ಲೆಕ್ಕ ಕೇಳಿ. ನಿಮ್ಮೊಂದು ಓಟು ಈಚೆ ಬಂದಿದ್ದರೂ ಅಂತರ 9 ಆಗ್ತಿತ್ತು, ಅಷ್ಟೇ. ಆದರೆ ನೀವು ಬಾಯಿ ಬಿಟ್ಟರೆ ಉಳಿದ ಐದು ಹೆಸರು ಅಳಿಸಿಹೋಗಿ ಪೂರ್ತಿ ಸೋಲು ನಿಮ್ಮೊಬ್ಬರ ತಲೆಗೆ ಬರುತ್ತೆ.

ಅಣ್ಣ ಒಪ್ಪದಿದ್ದರೆ ಏನಾಗುತ್ತೆ? ಕಾನೂನಿಗೆ ಏನೂ ಆಗೋದಿಲ್ಲ. ಚುನಾವಣಾಧಿಕಾರಿ ಹೆಸರು ಕೂಗಿ ಪ್ರಮಾಣಪತ್ರ ಕೊಟ್ಟರೆ ಮುಗೀತು, ಸೋತವರ ಸಹಿಯೇನೂ ಬೇಕಿಲ್ಲ. ಅಮೆರಿಕದಲ್ಲೂ ಸೋಲು ಒಪ್ಪಿ ಫೋನ್ ಮಾಡೋದು ಬರೀ ರೂಢಿ. 2020ರಲ್ಲಿ ಟ್ರಂಪ್ ಒಪ್ಪಲಿಲ್ಲ. 2021ರ ಜನವರಿ 6ರಂದು ಅವರ ಬೆಂಬಲಿಗರು ಸಂಸತ್ ಭವನಕ್ಕೇ ನುಗ್ಗಿದರು. ಆದರೂ 20ಕ್ಕೆ ಬೈಡನ್ ಪ್ರಮಾಣವಚನ ತಗೊಂಡರು. ನಿಮ್ಮ ಓಣಿಯಲ್ಲಿ ಆಗಿರೋದೂ ಅದೇ ತರ. ಮೆಂಬರಿಗೆ ಏನೂ ನಷ್ಟ ಇಲ್ಲ, ಚರಂಡಿ ಮಾತ್ರ ಕಟ್ಟಿಕೊಂಡು ನಿಂತಿದೆ.

ಮೋಸದ ಅನುಮಾನ ನಿಜವಾಗಿಯೂ ಇದ್ದಿದ್ದರೆ ಎಣಿಕೆ ಮೇಜಿನ ಮುಂದೆಯೇ ಮರುಎಣಿಕೆ ಕೇಳಬೇಕಿತ್ತು. ಅದು ತಪ್ಪಿದರೆ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಫಲಿತಾಂಶ ಬಂದ 30 ದಿನದೊಳಗೆ ಕೋರ್ಟಿನಲ್ಲಿ ಚುನಾವಣಾ ತಕರಾರು ಅರ್ಜಿ ಹಾಕಬೇಕಿತ್ತು. ಕೋರ್ಟಿಗೆ ಹೋಗೋದು ಹಠ ಅಲ್ಲ, ಅದು ಅವನ ಹಕ್ಕು. ಹೋಗಿದ್ದಾನೆ ಅಂತ ನೀವು ಬರೆದಿಲ್ಲ. ಈಗ ಐದು ತಿಂಗಳು.

ಹಾಗಂತ ಅವನನ್ನು ಬೈಯೋಕೆ ನನಗೆ ಮನಸ್ಸಿಲ್ಲ. ಸಾವಿರ ಓಟಿನ ಸೋಲು ನುಂಗಬಹುದು, ಹನ್ನೊಂದರದ್ದು ಗಂಟಲಲ್ಲೇ ನಿಲ್ಲುತ್ತೆ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಎ.ಆರ್. ಕೃಷ್ಣಮೂರ್ತಿ ಒಂದೇ ಒಂದು ಓಟಿನಿಂದ ಸೋತಿದ್ದರು. ಅವರು 2023ರಲ್ಲಿ ಕೊಳ್ಳೇಗಾಲದಿಂದ ಗೆದ್ದು ಬಂದರು. ಅಣ್ಣನಿಗೆ ಇದನ್ನು ಹೇಳಿ, ಆದರೆ ಊಟ ಆದ ಮೇಲೆ.

ನಮ್ಮ ಬಳ್ಳಾರಿ ಕಥೆ ಇನ್ನೂ ಚೆನ್ನಾಗಿದೆ. 1999ರಲ್ಲಿ ಸುಷ್ಮಾ ಸ್ವರಾಜ್ ಕನ್ನಡ ಕಲಿತು, ಭಾಷಣ ಮಾಡಿ, ಸೋನಿಯಾ ಗಾಂಧಿ ಎದುರು 56,000ಕ್ಕೂ ಜಾಸ್ತಿ ಓಟಿನಿಂದ ಸೋತರು. ಸೋತ ಊರಿಗೆ ಮತ್ತೆ ಯಾಕೆ ಬರಬೇಕು, ಅಲ್ವಾ? ಬಂದರು. ವರಮಹಾಲಕ್ಷ್ಮಿ ಹಬ್ಬಕ್ಕೆ ಬರ್ತೀನಿ ಅಂದಿದ್ದರು, ಎಷ್ಟೋ ವರ್ಷ ತಪ್ಪಿಸಲಿಲ್ಲ. ಆ ಸೀಟು ಅವರಿಗೆ ಸಿಗಲಿಲ್ಲ. ಬಳ್ಳಾರಿಯಲ್ಲಿ ತವರಿನಂಥ ಸಲಿಗೆ ಸಿಕ್ಕಿತು.

ಆ ಹಬ್ಬವೂ ಶ್ರಾವಣದ್ದೇ, ನಿಮ್ಮ ಪಂಚಮಿಯೂ ಶ್ರಾವಣದ್ದೇ. ಅಣ್ಣ ಕರೆಯೋಕೆ ಬರಲಿಲ್ಲ ಅಂತ ಬಾಗಿಲು ನೋಡ್ತಾ ಕೂರಬೇಡಿ, ಎರಡು ಓಣಿ ದಾಟಿ ನೀವೇ ಹೋಗಿ. ಎಳ್ಳುಂಡಿ, ಶೇಂಗಾ ಉಂಡಿ ಕಟ್ಟಿಕೊಂಡು ಹೋಗಿ. ಮಕ್ಕಳಿಗೆ ಜೋಕಾಲಿ ಕಟ್ಟೋಕೆ ಅವನನ್ನೇ ಕರೆಯಿರಿ. ಹಗ್ಗ ಬಿಗಿಯುವಾಗ ಯಾರೂ ಓಟು ಎಣಿಸೋದಿಲ್ಲ. ನೋಟ್‌ಬುಕ್ ಕಂಡರೆ ಮುಟ್ಟಬೇಡಿ, ಹರಿಯೋಕಂತೂ ಹೋಗಬೇಡಿ. ಮುಖ ತಿರುಗಿಸಿದರೆ ಉಂಡಿ ಅತ್ತಿಗೆ ಕೈಗೆ ಕೊಟ್ಟು ಬನ್ನಿ.

ಚರಂಡಿ ಅರ್ಜಿಗೆ ಮಾತ್ರ ಅವನ ಒಪ್ಪಿಗೆ ಕಾಯಬೇಡಿ. ಸಹಿ ಹಾಕಿ, ನಾಳೆಯೇ. ಉಂಡಿ ನಾಲ್ಕು ಜಾಸ್ತಿ ಕಟ್ಟಿ. ರಾತ್ರಿ ಗಾಡಿ ತಂದವರ ಮನೆಗೂ ಹೋಗಬೇಕಲ್ಲ.